ಕ್ಯಾಪ್ಟನ್ ಪೆಲಿಕನ್ನನ ಬಡ್ಡಿ

"ಇನ್ನು ಮುಂದೆ ನನ್ನ ಮನೆಯ ಹೊಸ್ತಿಲು ದಾಟಿ ಒಂದೇ ಒಂದು ಜೂಜಿನ ಆಟವೂ ಒಳಗೆ ಬರಕೂಡದು!"

ಡೇಮಿಯನ್ ಟ್ರೆಲೋರ್ ಹೀಗೆ ಘೋಷಿಸಿದಾಗ ಅವನ ಒಂದು ಕೈ ಆಕಾಶಕ್ಕೆ ಎದ್ದಿತ್ತು, ಇನ್ನೊಂದು ಕೈಯಲ್ಲಿ ಟೋಸ್ಟ್ ಇತ್ತು. ಟೋಸ್ಟಿನ ಮೇಲಿದ್ದ ಜಾಮು ಮಾತ್ರ ಭೂಮಿಯ ಕಡೆ ಹೊರಟಿತ್ತು.

ಹೆಂಡತಿ ಬೆಲಿಂಡಾ ಒದ್ದೆ ಬಟ್ಟೆ ಹಿಡಿದು ಬಂದು, "ಘೋಷಣೆ ಮುಗೀತಾ? ಹಾಗಾದ್ರೆ ಕಾಲೆತ್ತು" ಎಂದಳು.

ಬೆಂಡಿಗೋ ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವನು ಡೇಮಿಯನ್. ಹದಿನೆಂಟು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬುಡದ ಹೆಚ್ಚುವರಿ ಬ್ರೇಕನ್ನು ಒತ್ತೀ ಒತ್ತೀ, ಲೋಕದಲ್ಲಿ ಏನೇ ತಪ್ಪು ದಾರಿ ಹಿಡಿದರೂ ತಾನೊಮ್ಮೆ ಕಾಲೊತ್ತಿದರೆ ನಿಂತುಬಿಡುತ್ತದೆ ಎಂಬ ನಂಬಿಕೆ ಅವನ ರಕ್ತಕ್ಕಿಳಿದಿತ್ತು. ಟೀವಿಯಲ್ಲಿ ಕ್ರಿಕೆಟ್ ನೋಡುವಾಗಲೂ ಚೆಂಡು ಬೌಂಡರಿಯತ್ತ ಓಡಿದರೆ ಅವನ ಬಲಗಾಲು ಕಾರ್ಪೆಟ್ಟನ್ನು ಒತ್ತುತ್ತಿತ್ತು. ಚೆಂಡು ಮಾತ್ರ ಒಮ್ಮೆಯೂ ನಿಂತದ್ದಿಲ್ಲ.

ಈ ಸಲ ಒತ್ತಬೇಕಾಗಿ ಬಂದದ್ದು ಮಗಳು ಇಮೋಜೆನ್‌ಳಿಂದ. ಹನ್ನೊಂದು ವರ್ಷದ ಹುಡುಗಿ, ಹುಟ್ಟುಹಬ್ಬಕ್ಕೆ ಒಂದು ಹೊಸ ವಿಡಿಯೋ ಗೇಮ್ ಕೇಳಿದ್ದಳು. ಆಟದ ತುಂಬ ಡ್ರ್ಯಾಗನ್ನುಗಳು. ಡ್ರ್ಯಾಗನ್ ಬೇಕಾದರೆ ಮೊಟ್ಟೆ ಕೊಳ್ಳಬೇಕು. ಅದೂ ನಿಜವಾದ ದುಡ್ಡು ಕೊಟ್ಟು.

"ಅಪ್ಪಾ, ನಮ್ಮ ಕ್ಲಾಸಲ್ಲಿ ಎಲ್ಲರ ಹತ್ರಾನೂ ಇದೆ."

"ಎಲ್ಲರೂ ಹಾಳುಬಾವಿಗೆ ಬಿದ್ರೆ ನೀನೂ ಬೀಳ್ತೀಯಾ?"

"ಬಾವಿ ಅಲ್ಲಪ್ಪಾ. ಮೊಟ್ಟೆ."

ಡೇಮಿಯನ್ ಅಂಗಡಿಗೇ ಹೋಗಿ ಡಬ್ಬಿ ತಿರುಗಿಸಿ ನೋಡಿದ್ದ. ಮೂಲೆಯಲ್ಲಿ ಇದು ಚಿಕ್ಕವರಿಗಲ್ಲ, ಹದಿನೈದು ತುಂಬದವರಿಗೆ ಹೆತ್ತವರು ಜೊತೆಗಿದ್ದರೆ ಮಾತ್ರ ಎಂಬ ಸರ್ಕಾರದ ಗುರುತು. ಪಕ್ಕದಲ್ಲಿ, ದುಡ್ಡು ಕೊಟ್ಟರೆ ಏನು ಸಿಗುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು ಎಂಬ ಎಚ್ಚರಿಕೆ.

"ಮೊಟ್ಟೆ ಒಡೆದ ಮೇಲೇನಾ ಒಳಗೇನಿದೆ ಅಂತ ಗೊತ್ತಾಗೋದು? ದುಡ್ಡು ಮಾತ್ರ ಮೊದಲೇ ಕೊಡ್ಬೇಕಾ? ಇದು ಮೋಜಲ್ಲ ಕಣಮ್ಮಾ, ಜೂಜು! ಹೊರಗೆ ಮೋಜು ಅಂತ ಬರೆದು ಒಳಗೆ ಜೂಜು ತುಂಬಿದ್ದಾರೆ!"

ಇಲ್ಲಿಗೆ ನಿಲ್ಲಿಸಿದ್ದರೆ ಅವನ ಮಾತಿಗೆ ಎದುರು ಹೇಳುವವರೇ ಇರಲಿಲ್ಲ. ಬೆಲಿಂಡಾ ಕೂಡ, "ಅದೊಂದು ಮಾತು ಸರಿ. ಆ ಆಟ ಬೇಡ" ಎಂದಿದ್ದಳು. ಆದರೆ ಊರಿಗೆಲ್ಲ ಬ್ರೇಕು ಹಾಕಲು ಕಲಿಸಿದವನಿಗೆ ತನ್ನ ನಾಲಿಗೆಯ ಬ್ರೇಕು ಎಲ್ಲಿದೆ ಎಂದು ಗೊತ್ತಿರಲಿಲ್ಲ.

"ನಮ್ಮ ಕಾಲದ ಆಟ ನೋಡ್ಬೇಕಿತ್ತು ನೀನು!" ಎಂದು ಅವನು ಮಗಳ ಎದುರು ಕುರ್ಚಿ ಎಳೆದುಕೊಂಡ. "ಕ್ಯಾಪ್ಟನ್ ಪೆಲಿಕನ್! ತೊಂಬತ್ತೈದನೇ ಇಸವಿ. ಆಗ ನನಗೂ ನಿನ್ನಷ್ಟೇ ವಯಸ್ಸು."

ಬೆಲಿಂಡಾ ಮೆಲ್ಲಗೆ ಎದ್ದು ಬಟ್ಟೆ ಒಣಹಾಕಲು ಹೋದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಈ ಪೆಲಿಕನ್ ಪುರಾಣ ಅವಳಿಗೆ ಬಾಯಿಪಾಠವಾಗಿತ್ತು.

ಪುರಾಣದ ಸಾರ ಇಷ್ಟೇ. ಕ್ಯಾಪ್ಟನ್ ಪೆಲಿಕನ್ ಒಂದು ಬಡ ಹಕ್ಕಿ, ತಲೆಗೆ ಟೋಪಿ, ಕಾಲಿಗೆ ಬೂಟು. ಸಮುದ್ರದಲ್ಲಿ ಮೀನು ಹಿಡಿದು ಬಂದರಿನಲ್ಲಿ ಮಾರಿದರೆ ಒಂದು ಮೀನಿಗೆ ಒಂದು ಚಿನ್ನದ ಕಾಸು. ಕಾಸನ್ನೆಲ್ಲ ಕೊಕ್ಕಿನ ಚೀಲದಲ್ಲಿ ಕೂಡಿಡಬೇಕು. ಮುನ್ನೂರು ಕಾಸಾದರೆ ಮೊಸಳೆ ಕಾಯುವ ಹೆಬ್ಬಾಗಿಲು ತೆರೆಯುತ್ತದೆ, ಆಚೆಗೆ ನಿಧಿಯ ದ್ವೀಪ. ಎಲ್ಲ ಹುಡುಗರೂ ಅರ್ಧಕ್ಕೇ ಬೇಸತ್ತು ಬಿಟ್ಟ ಆ ಆಟವನ್ನು ಡೇಮಿಯನ್ ಒಬ್ಬನೇ, ಒಂದೊಂದೇ ಮೀನು ಹಿಡಿದು ಗೆದ್ದಿದ್ದ!

"ಅದರಲ್ಲಿ ಒಂದು ಗುಟ್ಟಿತ್ತು" ಎಂದು ಅವನು ಮಗಳತ್ತ ಬಾಗಿದ. "ಸಂಜೆ ಆಟ ನಿಲ್ಲಿಸೋವಾಗ ಹತ್ತು ಕಾಸು ಇರ್ತಿತ್ತು ಅಂತಿಟ್ಕೋ. ಮಾರನೇ ದಿನ ಸ್ಕೂಲಿಂದ ಬಂದು ನೋಡಿದ್ರೆ ಮೂವತ್ತು! ಇನ್ನೊಂದಿನ ಐವತ್ತು! ತಾಳ್ಮೆಯಿಂದ ಕೂಡಿಟ್ಟವರಿಗೆ ಆ ಆಟ ಬಡ್ಡಿ ಕೊಡ್ತಿತ್ತು ಕಣೇ, ಬಡ್ಡಿ! ಇವತ್ತು ನಾನು ಏನಾಗಿದ್ದೀನೋ ಅದಕ್ಕೆಲ್ಲ ಆ ಪೆಲಿಕನ್ನೇ ಕಾರಣ."

"ಏನಾಗಿದ್ದೀಯಾ?" ಎಂದು ಇಮೋಜೆನ್ ನಿಜವಾದ ಕುತೂಹಲದಿಂದ ಕೇಳಿದಳು.

ಡೇಮಿಯನ್ ಈ ಪುರಾಣವನ್ನು ಬುಧವಾರ ಶಾಲೆಯ ಪೋಷಕರ ಸಭೆಗೂ ಕೊಂಡೊಯ್ದ. ಆಟಗಳ ವಯಸ್ಸಿನ ಗುರುತನ್ನು ಯಾರೂ ಓದುವುದಿಲ್ಲ, ಓದಿದರೂ ಪಾಲಿಸುವುದಿಲ್ಲ ಎಂಬ ಚರ್ಚೆ ನಡೆದಿತ್ತು. ಡೇಮಿಯನ್ ಎದ್ದು ನಿಂತ. ಇಪ್ಪತ್ತು ನಿಮಿಷ ನಿಂತೇ ಇದ್ದ. ಜೂಜಿಲ್ಲದ, ಹೊಡೆದಾಟವಿಲ್ಲದ, ಮಿತವ್ಯಯ ಕಲಿಸುವ, ಬಡ್ಡಿಯನ್ನೂ ಕೊಡುವ ಆಟದ ಬಗ್ಗೆ ಅವನು ಮಾಡಿದ ಭಾಷಣಕ್ಕೆ ಹಿಂದಿನ ಸಾಲಿನ ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಮುಗಿಸಲಿ ಎಂಬ ಆಸೆಯಿಂದ ತಟ್ಟಿದ್ದೂ ಇರಬಹುದು.

ಸಮಿತಿಯ ಮುಖ್ಯಸ್ಥೆ ರೋಸಲಿಂಡ್ ಪ್ಯಾಸ್ಕೋ ಕನ್ನಡಕ ಇಳಿಸಿ, "ಇಷ್ಟು ಒಳ್ಳೇ ಆಟ ಅಂತೀರಲ್ಲ, ನಮಗೂ ಮಕ್ಕಳಿಗೂ ಒಂದ್ಸಲ ತೋರಿಸ್ತೀರಾ?" ಎಂದು ಕೇಳಿದರು.

"ಶನಿವಾರ ಮಧ್ಯಾಹ್ನ! ನಮ್ಮ ಮನೇಲಿ! ಎಲ್ಲರೂ ಬನ್ನಿ!"

ಸುದ್ದಿ ಕೇಳಿ ಬೆಲಿಂಡಾ ತಲೆಯ ಮೇಲೆ ಕೈ ಹೊತ್ತಳು. "ಎಲ್ಲರೂ ಅಂದ್ರೆ ಎಷ್ಟು ಜನ?"

"ಎಲ್ಲರೂ."

"ಅವರಿಗೆ ತಿನ್ನೋಕೆ ಏನು ಕೊಡ್ತೀಯಾ? ಬಡ್ಡೀನಾ?"

ಆಟದ ಪೆಟ್ಟಿಗೆ ಮತ್ತು ಕ್ಯಾಸೆಟ್ಟು ಅವನ ತಾಯಿ ಗ್ಲೆನಿಸಳ ಮನೆಯಲ್ಲಿದ್ದವು. ಎಪ್ಪತ್ತೈದು ದಾಟಿದ ಗ್ಲೆನಿಸ್ ಅದೇ ಹಳೆಯ ಮನೆಯಲ್ಲಿ ಒಬ್ಬಳೇ ಇದ್ದಳು, ಯಾರ ಹಂಗೂ ಇಲ್ಲದೆ. ಶುಕ್ರವಾರ ಡೇಮಿಯನ್ ಹೋದಾಗ ಅವಳು ಹೊಲಿಗೆ ಕೋಣೆಯ ಕಪಾಟಿನಿಂದ ಪೆಟ್ಟಿಗೆಯನ್ನು ನೇರವಾಗಿ ತೆಗೆದುಕೊಟ್ಟಳು. ಹುಡುಕಲೇ ಇಲ್ಲ. ಮೂವತ್ತು ವರ್ಷದ ಹಿಂದಿನ ವಸ್ತುವಿನ ಮೇಲೆ ಒಂದು ಚೂರು ಧೂಳೂ ಇರಲಿಲ್ಲ. ಡೇಮಿಯನ್ ಅದನ್ನು ಗಮನಿಸಲಿಲ್ಲ. ಡಬ್ಬಿಯ ಮೇಲಿನ ಗುರುತು ನೋಡಿ ಅವನ ಎದೆ ಉಬ್ಬಿಹೋಗಿತ್ತು. "ನೋಡಮ್ಮಾ! ಎಲ್ಲ ವಯಸ್ಸಿನವರಿಗೂ ಅಂತ ಸರ್ಕಾರವೇ ಅಚ್ಚು ಒತ್ತಿದೆ!"

ಅವನು ಡಬ್ಬಿಯನ್ನು ಮೂಗಿಗೆ ಹಿಡಿದ. ಬಿಸಿಯಾದ ಪ್ಲಾಸ್ಟಿಕ್ಕಿನ ಅದೇ ವಾಸನೆ! ಕಂದು ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿದ ಸಂಜೆಗಳು, ಕೆನ್ನೆಗೆ ತಾಗುವ ಹೀಟರಿನ ಶಾಖ, ತುಟಿಯ ಮೇಲೆ ಒಣಗಿದ ಚಾಕೊಲೇಟ್ ಹಾಲಿನ ಮೀಸೆ, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಊದಿ ತಲೆ ತಿರುಗುತ್ತಿದ್ದದ್ದು, ಹಿಂದೆ ಅಮ್ಮನ ಇಸ್ತ್ರಿಪೆಟ್ಟಿಗೆ ಬುಸ್ಸೆನ್ನುತ್ತಿದ್ದದ್ದು ಎಲ್ಲ ಒಟ್ಟಿಗೆ ನೆನಪಾಗಿ ಅವನು ತೋಳಿನಿಂದ ಕಣ್ಣೊರೆಸಿಕೊಂಡ.

"ಅಳ್ತಾ ಇದ್ದೀಯೇನೋ?" ಎಂದಳು ಗ್ಲೆನಿಸ್.

"ಧೂಳು."

"ಧೂಳೆಲ್ಲಿದೆ?"

ಆ ಪೆಟ್ಟಿಗೆಯ ತಂತಿ ಹೊಸ ಟೀವಿಗೆ ಜೋಡಣೆಯಾಗುವುದಿಲ್ಲ ಎಂಬ ಸತ್ಯ ಶನಿವಾರ ಬೆಳಿಗ್ಗೆ ಗೊತ್ತಾಯಿತು. ಗ್ಲೆನಿಸಳ ಹೊಲಿಗೆ ಕೋಣೆಯ ಮುದಿ ಟೀವಿಯೇ ಗತಿ. ಡೇಮಿಯನ್ ಮತ್ತು ಬೆಲಿಂಡಾ ಅದನ್ನು ಎತ್ತಿದರು. ಅಂದರೆ ಬೆಲಿಂಡಾ ಎತ್ತಿದಳು, ಡೇಮಿಯನ್ನನ ಸೊಂಟ ಟಕ್ ಎಂದಿತು. ಹಳೆಯ ಕಾಲದ ತೂಕ ಎಷ್ಟೆಂದು ಅವನಿಗೆ ಆಗ ಅರಿವಾಯಿತು!

"ಟೀವಿ ಹೋಗೋದಾದ್ರೆ ನಾನೂ ಬರ್ತೀನಿ" ಎಂದು ಗ್ಲೆನಿಸ್ ಕೈಚೀಲ ತೆಗೆದುಕೊಂಡು ಕಾರಿನಲ್ಲಿ ಮೊದಲೇ ಹೋಗಿ ಕೂತಳು.

ಮಧ್ಯಾಹ್ನ ಎರಡಕ್ಕೆ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹದಿನೇಳು ಮಕ್ಕಳು, ಹನ್ನೆರಡು ಪೋಷಕರು, ಮೂರು ತಟ್ಟೆ ಸಾಸೇಜ್ ರೋಲ್, ಎರಡು ತಟ್ಟೆ ಲ್ಯಾಮಿಂಗ್ಟನ್ ಕೇಕು. ರೋಸಲಿಂಡ್ ಪ್ಯಾಸ್ಕೋ ಮುಂದಿನ ಸೋಫಾದಲ್ಲಿ ನೋಟ್‌ಬುಕ್ ತೊಡೆಯ ಮೇಲಿಟ್ಟು ಕೂತರು. ಗ್ಲೆನಿಸ್ ಮೂಲೆಯ ಕುರ್ಚಿಯಲ್ಲಿ ಟೀ ಹಿಡಿದು ಕೂತಳು. ಸೊಂಟಕ್ಕೆ ನೋವಿನ ಪಟ್ಟಿ ಹಚ್ಚಿಕೊಂಡ ಡೇಮಿಯನ್ ನೆಟ್ಟಗೆ ನಿಂತು ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿದ, ಶಂಖ ಊದುವವನ ಗಾಂಭೀರ್ಯದಲ್ಲಿ.

ಪರದೆ ಮಿನುಗಿತು. ಕ್ಯಾಪ್ಟನ್ ಪೆಲಿಕನ್ ಅವತರಿಸಿದ! ಮಕ್ಕಳು ನಕ್ಕರು. ಪೆಲಿಕನ್ ಹೆಚ್ಚುಕಡಿಮೆ ಎಂಟು ಚೌಕದ ಮಣ್ಣಿನ ಹೆಂಟೆಯಂತೆ ಕಾಣುತ್ತಿದ್ದ.

ಹಳೆಯ ಕಾಸೆಲ್ಲ ಕ್ಯಾಸೆಟ್ಟಿನ ನೆನಪಿನಿಂದ ಅಳಿಸಿಹೋಗಿತ್ತು, ಸೊನ್ನೆಯಿಂದಲೇ ಶುರು. ಡೇಮಿಯನ್ ಮೀನು ಹಿಡಿದ. ಒಂದು ಕಾಸು. ಇನ್ನೊಂದು ಮೀನು, ಇನ್ನೊಂದು ಕಾಸು. "ಗಮನಿಸಿ, ತಾಳ್ಮೆ!" ಎಂದ. ಕಾಲು ಗಂಟೆ ಕಳೆದಾಗ ಒಂಬತ್ತು ಕಾಸಾಗಿತ್ತು. ಮಕ್ಕಳಲ್ಲಿ ನಾಲ್ವರು ಅಂಗಳಕ್ಕೆ ಹೋಗಿದ್ದರು, ಒಬ್ಬ ತಂದೆ ಗೊರಕೆ ಶುರು ಮಾಡಿದ್ದರು.

"ಬಡ್ಡಿ ಯಾವಾಗ ಬರತ್ತಪ್ಪಾ?" ಎಂದಳು ಇಮೋಜೆನ್.

"ಬರತ್ತೆ, ನಾಳೆ ಬರತ್ತೆ."

ಮೂಲೆಯಲ್ಲಿ ಗ್ಲೆನಿಸ್ ಟೀ ನೆತ್ತಿಗೇರಿಸಿಕೊಂಡು ಕೆಮ್ಮಿದಳು.

ಆಗ ಮುಂದೆ ಕೂತಿದ್ದ ಒಬ್ಬಳು ಜಡೆಯ ಹುಡುಗಿ ಪರದೆಯತ್ತ ಬೆರಳು ತೋರಿಸಿದಳು. "ಅಂಕಲ್, ಬಂದರಿನ ಹಿಂದೆ ಕೆಂಪು ಬಾಗಿಲಿದೆಯಲ್ಲ, ಅದೇನು?"

ಡೇಮಿಯನ್‌ಗೆ ಆ ಬಾಗಿಲಿನ ನೆನಪೇ ಇರಲಿಲ್ಲ. "ಅದಾ? ಗೋದಾಮು ಇರ್ಬೇಕು" ಎನ್ನುತ್ತ ಪೆಲಿಕನ್ನನನ್ನು ಒಳಗೆ ನುಗ್ಗಿಸಿದ.

ಗೋದಾಮಲ್ಲ, ಹೆಂಡದಂಗಡಿ! ನಡುವೆ ಮೂರು ಚಕ್ರದ, ಹಿಡಿಕೆ ಎಳೆಯುವ, ಬಣ್ಣಬಣ್ಣದ ದೀಪದ ಒಂದು ಯಂತ್ರ ಝಗಝಗಿಸುತ್ತಿತ್ತು. ಹಜಾರ ಒಮ್ಮೆಗೇ ಎಚ್ಚೆತ್ತಿತು. ಗೊರಕೆಯ ತಂದೆಯೂ ಕಣ್ಣುಬಿಟ್ಟರು. ಅಂಗಳಕ್ಕೆ ಹೋದವರು ಓಡಿ ಬಂದರು.

"ಡೇಮಿಯನ್ ಅವರೇ, ಅದು ಜೂಜಿನ ಯಂತ್ರ ಅಲ್ವಾ?" ಎಂದರು ರೋಸಲಿಂಡ್.

"ಛೆ ಛೆ! ಅದು... ಮೀನು ವಿಂಗಡಿಸೋ ಯಂತ್ರ. ನೋಡಿ, ಚಕ್ರದ ಮೇಲೆ ಮೀನಿದೆ. ಒಂದೇ ಒಂದು ಕಾಸು ಹಾಕಿ ತೋರಿಸ್ತೀನಿ, ಏನೂ ಆಗಲ್ಲ."

ಆಯಿತು! ಒಂದು ಹಾಕಿದರೆ ಎರಡು ಬಂತು. ಮಕ್ಕಳು ಹೋ ಎಂದರು. ಎರಡು ಹಾಕಿದ, ನಾಲ್ಕು ಬಂತು. "ಮೀನು ಚೆನ್ನಾಗಿ ವಿಂಗಡಣೆ ಆಗ್ತಿದೆ!" ಎಂದು ಯಾರೋ ಕೂಗಿದರು. ಡೇಮಿಯನ್‌ಗೆ ಕೇಳಿಸಲಿಲ್ಲ. ನಾಲ್ಕು ಹಾಕಿದ, ಹೋಯಿತು. "ಇರಲಿ, ಮುಂದಿನದು ಬರತ್ತೆ." ಅದೂ ಹೋಯಿತು. "ಈಗ ನೋಡಿ!" ನೋಡಿದರು. ಕಾಸೆಲ್ಲ ಖಾಲಿ. ಕಾಸಿಲ್ಲದಿದ್ದರೆ ಟೋಪಿ ಒತ್ತೆ ಇಡಬಹುದು ಎಂದು ಯಂತ್ರ ಹೇಳಿತು. ಇಟ್ಟ. ಬೂಟು ಇಡಬಹುದು ಎಂದಿತು. ಇಟ್ಟ.

"ಡೇಮಿಯನ್, ಸಾಕು" ಎಂದಳು ಬೆಲಿಂಡಾ.

"ಒಂದೇ ಒಂದು ಸಲ! ಬರೋ ಹಾಗಿದೆ ಮಾರಾಯ್ತಿ!" ಅವನ ಬಲಗಾಲು ಕಾರ್ಪೆಟ್ಟನ್ನು ಒತ್ತುತ್ತಲೇ ಇತ್ತು. ಚಕ್ರ ಮಾತ್ರ ತನಗೆ ಬೇಕಾದ ಕಡೆ ನಿಂತಿತು.

ಬೋಳು ತಲೆ, ಬರಿಗಾಲು, ಬರಿಗೊಕ್ಕಿನ ಕ್ಯಾಪ್ಟನ್ನನನ್ನು ಮೊಸಳೆ ಕತ್ತು ಹಿಡಿದು ಹೊರಗೆಳೆಯಿತು. ಹುಟ್ಟುಗೋಲಿನಿಂದ ಡಬ್ ಡಬ್ ಎಂದು ಹನ್ನೆರಡೇಟು ಬಡಿದು ಸಮುದ್ರಕ್ಕೆ ಎಸೆಯಿತು. ಪುಕ್ಕಗಳು ಹಾರಿದವು. ಮಕ್ಕಳು ಏಟನ್ನು ಒಟ್ಟಾಗಿ ಎಣಿಸಿದರು.

ರೋಸಲಿಂಡ್ ಖಾಲಿ ಡಬ್ಬಿಯನ್ನು ಎತ್ತಿ ಗಟ್ಟಿಯಾಗಿ ಓದಿದರು. "ಎಲ್ಲ ವಯಸ್ಸಿನವರಿಗೂ." ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. "ಜೂಜು ಆಯ್ತು, ಹೆಂಡ ಆಯ್ತು, ಹೊಡೆತವೂ ಆಯ್ತು. ಮಿತವ್ಯಯ ಯಾವಾಗ ಬರತ್ತೆ?"

ಡೇಮಿಯನ್ ಬೆವರು ಒರೆಸಿಕೊಂಡ. "ದಯವಿಟ್ಟು ನಂಬಿ. ನಾನು ಚಿಕ್ಕವನಿದ್ದಾಗ ಈ ಯಂತ್ರ ಮುಟ್ಟಿಲ್ಲ. ಬರೀ ಮೀನು ಹಿಡಿದು ಮುನ್ನೂರು ಕಾಸು ಮಾಡಿದ್ದೆ. ಬೇಕಾದ್ರೆ ನಮ್ಮಮ್ಮನ್ನ ಕೇಳಿ!"

ಎಲ್ಲರೂ ಮೂಲೆಗೆ ತಿರುಗಿದರು. ಗ್ಲೆನಿಸ್ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು, ಕನ್ನಡಕ ಬದಲಿಸಿದಳು, ಎದ್ದು ಬಂದಳು.

"ಸ್ವಲ್ಪ ಆಚೆ ಸರಿ" ಎಂದು ಮಗನ ಕೈಯಿಂದ ಜಾಯ್‌ಸ್ಟಿಕ್ ಕಿತ್ತುಕೊಂಡಳು.

ಆಮೇಲೆ ನಡೆದದ್ದನ್ನು ಬೆಂಡಿಗೋ ಇನ್ನೂ ಮರೆತಿಲ್ಲ. ಸ್ವೆಟರ್ ಹೆಣೆಯುವ ಆ ಬೆರಳುಗಳು ಪಟಪಟನೆ ಓಡಿ ಎಂಟು ನಿಮಿಷದಲ್ಲಿ ಮೂವತ್ತೆರಡು ಮೀನು ಹಿಡಿದವು. ಮಾರಿದಳು. ಕೆಂಪು ಬಾಗಿಲು ಹೊಕ್ಕಳು. ಒಂದೊಂದೇ ಕಾಸು ಹಾಕಿ ಹನ್ನೊಂದು ಸಲ ಸೋತಳು, ಮುಖದ ಒಂದು ಗೆರೆಯೂ ಅಲುಗಲಿಲ್ಲ. ಹನ್ನೆರಡನೆಯದಕ್ಕೆ ಮೀನು, ಮೀನು, ಮೀನು! ನೂರು ಕಾಸು ಝಣಝಣನೆ ಕೊಕ್ಕಿಗೆ ಸುರಿಯಿತು. ಮತ್ತೆ ಹನ್ನೊಂದು ಸೋಲು, ಮತ್ತೆ ನೂರು. ಹದಿನೇಳು ಮಕ್ಕಳು ಸೋಫಾ ಹತ್ತಿ ಕುಣಿದರು. "ಅಜ್ಜೀ! ಅಜ್ಜೀ! ಅಜ್ಜೀ!"

ಡೇಮಿಯನ್ ಬಾಯಿ ತೆರೆದು ನಿಂತಿದ್ದ. "ಅಮ್ಮಾ... ನಿನಗೆ ಇದು ಹೇಗೆ..."

"ಹೇಗೆ ಅಂದ್ರೆ? ಮೊದಲನೇ ದಿನವೇ ನೀನು ಇದ್ದ ಕಾಸೆಲ್ಲ ಈ ಯಂತ್ರಕ್ಕೆ ಹಾಕಿ ಕಳ್ಕೊಂಡು ಊಟ ಬಿಟ್ಟು ಅತ್ತೆ. ಇನ್ನು ಆ ಬಾಗಿಲಿಗೆ ಹೋಗ್ಬೇಡ ಅಂದೆ. ಹೇಳಿದ ಮಾತು ಕೇಳೋ ಹುಡುಗ ನೀನು, ಹೋಗಲಿಲ್ಲ. ಆದ್ರೆ ನೀನು ಮೀನು ಹಿಡಿಯೋ ವೇಗ ನೋಡಿದ್ರೆ ಪಿಂಚಣಿ ಬಂದ ಮೇಲೇ ಮುನ್ನೂರು ಆಗೋದು ಅನ್ನಿಸ್ತು. ನೀನು ಸ್ಕೂಲಿಗೆ ಹೋದ ಮೇಲೆ ನಾನು ಕೂತ್ಕೊಂಡೆ."

"ಅಂದ್ರೆ ಆ ಬಡ್ಡಿ..."

"ಬಡ್ಡಿ ಅಲ್ಲ ಕಣೋ, ನಾನು."

ಹಜಾರದಲ್ಲಿ ಎದ್ದ ನಗುವಿಗೆ ಮುದಿ ಟೀವಿಯ ಚಿತ್ರವೂ ಒಮ್ಮೆ ಅಲುಗಿತು. ಹದಿನೆಂಟು ವರ್ಷದಿಂದ ಪ್ರತಿಯೊಬ್ಬ ಶಿಷ್ಯನಿಗೂ ಮೊದಲ ಪಾಠದಲ್ಲೇ ಹೇಳುತ್ತಿದ್ದ ತಾಳ್ಮೆಯ ಕಥೆ ಡೇಮಿಯನ್‌ನ ಕಣ್ಣೆದುರೇ ಪುಕ್ಕ ಕಳೆದುಕೊಂಡು ಸಮುದ್ರಕ್ಕೆ ಬಿತ್ತು. ಆ ಶಿಷ್ಯರಲ್ಲಿ ಮೂವರು ಈಗ ಪೋಷಕರಾಗಿ ಅಲ್ಲೇ ಕೂತು ಹೊಟ್ಟೆ ಹಿಡಿದು ನಗುತ್ತಿದ್ದರು.

ಜಡೆಯ ಹುಡುಗಿ ಗ್ಲೆನಿಸಳ ಹತ್ತಿರ ಸರಿದು, "ಅಜ್ಜೀ, ಹಾಗಾದ್ರೆ ಎಲ್ಲ ಯಂತ್ರಾನೂ ಹನ್ನೆರಡನೇ ಸಲ ಕೊಡತ್ತಾ?" ಎಂದು ಕೇಳಿದಳು.

ಗ್ಲೆನಿಸ್ ಆಟ ನಿಲ್ಲಿಸಿದಳು. ಜಾಯ್‌ಸ್ಟಿಕ್ಕನ್ನು ಮಡಿಲಲ್ಲಿಟ್ಟು ಅವಳತ್ತ ತಿರುಗಿದಳು.

"ನಾನೂ ಹಾಗೇ ಅಂದ್ಕೊಂಡೆ ಮಗೂ. ಆಗ ಇಲ್ಲಿನ ಕ್ಲಬ್ಬಿಗೆ ನಿಜವಾದ ಯಂತ್ರಗಳು ಹೊಸದಾಗಿ ಬಂದಿದ್ವು. ನನಗೆ ಗುಟ್ಟು ಗೊತ್ತು ಅಂತ ಜಂಬದಿಂದ ಹೋದೆ. ಹನ್ನೆರಡನೇ ಸಲ ಏನೂ ಬರಲಿಲ್ಲ. ಇಪ್ಪತ್ತನಾಲ್ಕನೇ ಸಲಾನೂ ಇಲ್ಲ. ಇವನ ಶೂಗೆ ಅಂತ ಇಟ್ಟ ದುಡ್ಡು ಹೋಯ್ತು. ಆ ಚಳಿಗಾಲವೆಲ್ಲ ಇವನು ತೂತು ಬಿದ್ದ ಶೂ ಹಾಕ್ಕೊಂಡೇ ಸ್ಕೂಲಿಗೆ ಹೋದ. ಈ ಪೆಟ್ಟಿಗೇಲಿ ಸೋತರೆ ಪೆಲಿಕನ್ನನ ಬೂಟು ಹೋಗತ್ತೆ. ಅಲ್ಲಿ ಸೋತರೆ ಮನೇಲಿರೋರ ಬೂಟು ಹೋಗತ್ತೆ. ಆಮೇಲೆ ನಾನು ಆ ಕ್ಲಬ್ಬಿನ ಬಾಗಿಲು ತುಳೀಲಿಲ್ಲ."

ರೋಸಲಿಂಡ್ ನೋಟ್‌ಬುಕ್ಕಿನಲ್ಲಿ ಬರೆಯುತ್ತಲೇ ಇದ್ದರು. ಗ್ಲೆನಿಸ್ ಮತ್ತೆ ಪರದೆಗೆ ತಿರುಗಿ, ಹನ್ನೊಂದು ಸಲ ಸೋತು, ಮೂರನೇ ನೂರನ್ನು ಎತ್ತಿದಳು. ಮುನ್ನೂರಕ್ಕೆ ನಾಲ್ಕೈದು ಕಾಸು ಕಡಿಮೆ ಬಿದ್ದದ್ದಕ್ಕೆ ಜಾಯ್‌ಸ್ಟಿಕ್ಕನ್ನು ಮಗನ ಕೈಗೆ ಕೊಟ್ಟಳು. "ಹಿಡಿ. ಮೀನು ನೀನೇ ಹಿಡಿ."

ಡೇಮಿಯನ್ ಮೀನು ಹಿಡಿದ. ಮೊಸಳೆ ಬಾಗಿ ಹೆಬ್ಬಾಗಿಲು ತೆರೆಯಿತು. ಪೀಪಿಯಂಥ ಒಂದು ಪುಟ್ಟ ರಾಗ ಹೊರಟು ಸಮುದ್ರವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತು. ಡೇಮಿಯನ್ ಮತ್ತೆ ತೋಳಿನಿಂದ ಕಣ್ಣೊರೆಸಿಕೊಂಡ, ಈ ಸಲ ಧೂಳಿನ ನೆಪ ಹೂಡಲಿಲ್ಲ.

ಜನ ಹೋದ ಮೇಲೆ ಅಡುಗೆಮನೆಯಲ್ಲಿ ತಾಯಿ ತಟ್ಟೆ ತೊಳೆದಳು, ಮಗ ಒರೆಸಿದ.

"ಯಾಕಮ್ಮಾ ಒಂದು ದಿನವೂ ಹೇಳಲಿಲ್ಲ?"

"ಏನಂತ ಹೇಳ್ಲಿ? ನಿಮ್ಮಪ್ಪ ಸೋಮವಾರ ಲಾರಿ ಹತ್ತಿದ್ರೆ ಮನೆಗೆ ಬರ್ತಾ ಇದ್ದದ್ದು ಶುಕ್ರವಾರ. ನೀನು ಹೋದ ಮೇಲೆ ಮನೇಲಿ ಗಡಿಯಾರ ಬಿಟ್ರೆ ಸದ್ದು ಮಾಡೋರಿಲ್ಲ. ಮೂರೂವರೆಗೆ ನೀನು ಬ್ಯಾಗು ಎಸೆದು, 'ಅಮ್ಮಾ, ಮತ್ತೆ ಜಾಸ್ತಿ ಆಗಿದೆ!' ಅಂತ ಕೂಗ್ತಾ ಇದ್ದೆಯಲ್ಲ, ಅದನ್ನ ಕೇಳೋಕೆ ಇಡೀ ದಿನ ಕಾಯ್ತಿದ್ದೆ. ಹೇಳಿದ್ರೆ ಆ ಕೂಗು ನಿಂತುಹೋಗ್ತಿತ್ತು." ಅವಳು ನಲ್ಲಿ ನಿಲ್ಲಿಸಿದಳು. "ಮತ್ತೆ, ನನಗೂ ಮಜಾ ಬರ್ತಿತ್ತು ಅನ್ನು."

ಡೇಮಿಯನ್ ಒಂದೇ ತಟ್ಟೆಯನ್ನು ಬಹಳ ಹೊತ್ತು ಒರೆಸಿದ.

ಸೋಮವಾರ ಶಾಲೆಯ ಸಮಿತಿಯಿಂದ ಸಂದೇಶ ಬಂತು. ವಯಸ್ಸಿನ ಗುರುತುಗಳ ಬಗ್ಗೆ ಎಲ್ಲ ತರಗತಿಯ ಮಕ್ಕಳಿಗೂ ಒಂದು ಕಾರ್ಯಕ್ರಮ, ಮಾತನಾಡುವವರು ಶ್ರೀಮತಿ ಗ್ಲೆನಿಸ್ ಟ್ರೆಲೋರ್. ಡೇಮಿಯನ್ ತನ್ನ ಹೆಸರಿಗಾಗಿ ಕೊನೆಯವರೆಗೂ ಹುಡುಕಿದ. ಕೊನೆಯ ಸಾಲಿನಲ್ಲಿ ಸಿಕ್ಕಿತು. 'ಶ್ರೀ ಡೇಮಿಯನ್ ಅವರೂ ಬರಬಹುದು. ಆದರೆ ಅವರ ತಾಯಿ ಪಕ್ಕದಲ್ಲಿ ಕೂತಿದ್ದರೆ ಮಾತ್ರ.'

"ನೋಡಿದ್ಯಾ ಈ ಅವಮಾನ?" ಎಂದು ಅವನು ಫೋನನ್ನು ಹೆಂಡತಿಯ ಮುಖಕ್ಕೆ ಹಿಡಿದ.

ಬೆಲಿಂಡಾ ಎರಡು ಸಲ ಓದಿದಳು.

"ಅವಮಾನ ಯಾಕೆ? ಹದಿನೈದು ತುಂಬದವರಿಗೆ ಈ ದೇಶದಲ್ಲಿ ಇದೇ ಅಲ್ವಾ ಕಾನೂನು?"